ಊಟದ ಮೇಜಿನ ಭಾಷೆ

ಕ್ವೆತ್ಸಾಲ್ತೆನಾಂಗೊ
೧ ಫೆಬ್ರುವರಿ ೧೯೯೮

ಪ್ರೀತಿಯ ತಂಗಿ ತೊಮಾಸಾ,

ಇಲಾರಿಯೊನ ಬಸ್ಸು ನಾಳೆ ಬೆಳಗಿನ ಜಾವ ರಾಜಧಾನಿಗೆ ಹೊರಡುತ್ತದೆ. ಚಿಕ್ಕಪ್ಪನ ಮಗ ಡ್ರೈವರ್ ಆಗಿರುವತನಕ ನಮಗೆ ಅಂಚೆಯವರ ಹಂಗಿಲ್ಲ. ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಕೊನೆಗೂ ನಮ್ಮ ಮನೆಗೂ ದುಡ್ಡು ಕೊಟ್ಟು ಉಳಿಯುವ ಒಬ್ಬಳು ವಿದ್ಯಾರ್ಥಿನಿ ಬಂದಳು. ನಿನ್ನ ಭಾವ ರುಫಿನೊ ಹೋದ ಮೇಲೆ ಅವನ ಮಗ್ಗದ ಕೋಣೆ ಖಾಲಿ ಬಿದ್ದಿತ್ತಲ್ಲ, ಅದಕ್ಕೆ ಸುಣ್ಣ ಬಳಿಸಿ, ಮೊಮೊಸ್ತೆನಾಂಗೊದ ಹೊಸ ಕಂಬಳಿ ಹಾಸಿದ್ದೇನೆ. ಸ್ಪ್ಯಾನಿಷ್ ಶಾಲೆಯ ಮುಖ್ಯಸ್ಥೆ ದೋನ್ಯಾ ಇಮೆಲ್ದಾ ತಾನೇ ಬಂದು ಹಾಸಿಗೆ ಒತ್ತಿ ನೋಡಿ, ಬಚ್ಚಲಿನ ಬಿಸಿನೀರು ಮುಟ್ಟಿ ನೋಡಿ ಒಪ್ಪಿದಳು. ನಮ್ಮ ಬೀದಿಯಲ್ಲಿ ನೇಯ್ದ ಲಂಗ ಉಡುವ ನಮ್ಮ ಕಿಚೆ ಹೆಂಗಸಿನ ಮನೆಗೆ ವಿದ್ಯಾರ್ಥಿಯನ್ನು ಕಳಿಸಿದ್ದು ಇದೇ ಮೊದಲು. ಎದುರು ಮನೆಯ ದೋನ್ಯಾ ಕ್ಲೋತಿಲ್ದೆ ಎರಡು ದಿನ ನನ್ನ ಮುಖ ನೋಡಲಿಲ್ಲ.

ಹುಡುಗಿಯ ಹೆಸರು ಯಾನೆಕೆ. ಹಾಲೆಂಡಿನವಳು, ಕಸುಬಿನಲ್ಲಿ ಸೂಲಗಿತ್ತಿ. ಕೋಣೆಯ ಬಾಗಿಲಿಗೆ ದಿನಕ್ಕೊಮ್ಮೆ ತಲೆ ಹೊಡೆಸಿಕೊಳ್ಳುವಷ್ಟು ಎತ್ತರ. ಈಸ್ಟರಿನ ಪವಿತ್ರವಾರ ಮುಗಿಯುವವರೆಗೆ ನಮ್ಮಲ್ಲಿದ್ದು ಸ್ಪ್ಯಾನಿಷ್ ಕಲಿತು, ಆಮೇಲೆ ಮೊಮೊಸ್ತೆನಾಂಗೊದ ಮೇಲಿನ ಗುಡ್ಡದ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗುತ್ತಾಳೆ. ಪುಸ್ತಕ ಓದಿ ಕಲಿಯುವುದಲ್ಲವಂತೆ ಇದು. ಬೆಳಿಗ್ಗೆ ಶಾಲೆಯಲ್ಲಿ ಮೇಷ್ಟರ ಮುಂದೆ, ಉಳಿದ ಹೊತ್ತೆಲ್ಲ ಮನೆಯವರ ನಡುವೆ. ಉಂಡರೂ ಸ್ಪ್ಯಾನಿಷ್, ನಿದ್ದೆಗಣ್ಣಿನಲ್ಲೂ ಸ್ಪ್ಯಾನಿಷ್. ನೀರಿಗೆ ತಳ್ಳಿ ಈಜು ಕಲಿಸುವ ಹಾಗೆ. ಒಂದು ಅಕ್ಷರ ನುಂಗಿಬಿಟ್ಟು, 'ದಣಿದಿದ್ದೇನೆ' ಎನ್ನುವ ಬದಲು ಪ್ರತಿ ಸಂಜೆ 'ನನಗೆ ಮದುವೆಯಾಗಿದೆ' ಎನ್ನುತ್ತಾಳೆ. ಎರಡೂ ಒಂದೇ ಬಿಡು ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಅಮ್ಮ ಆರಾಮಾಗಿದ್ದಾಳೆ. ಚಳಿ ಜಾಸ್ತಿ, ಒಲೆಯ ಮುಂದೆಯೇ ಇರುತ್ತಾಳೆ.

ನಿನ್ನ ಅಕ್ಕ
ಇಸಿದ್ರಾ


ಗ್ವಾಟೆಮಾಲಾ ನಗರ
೧೦ ಫೆಬ್ರುವರಿ ೧೯೯೮

ಅಕ್ಕ ಇಸಿದ್ರಾ,

ನಿನ್ನ ಕಾಗದವನ್ನು ನಾನು ಕೆಲಸ ಮಾಡುವ ಮನೆಯ ಸೆನ್ಯೋರಾಳ ಅಡುಗೆಮನೆಯಲ್ಲಿ, ಬೀನ್ಸ್ ಬೇಯುವಷ್ಟರಲ್ಲಿ ಎರಡು ಸಲ ಓದಿದೆ. ಕಂಬಳಿಯ ವಿಷಯ ಇದೆ, ಬಿಸಿನೀರಿನ ವಿಷಯ ಇದೆ, ಆ ಹುಡುಗಿಯ ತಲೆ ಬಾಗಿಲಿಗೆ ತಾಗುವ ವಿಷಯವೂ ಇದೆ. ಅಮ್ಮನಿಗೆ ಕೊನೆಯ ಎರಡು ಸಾಲು.

ಅಷ್ಟೆತ್ತರದ ಹುಡುಗಿಯನ್ನು ಕಂಡು ಅಮ್ಮ ಏನೂ ಅನ್ನಲಿಲ್ಲವೇ? ಬೀದಿಯಲ್ಲಿ ಹೋಗುವ ನಾಯಿಯ ನಡಿಗೆಗೂ ಒಂದು ಮಾತು ಹೇಳದೆ ಬಿಡದ ಹೆಂಗಸು ಅವಳು. ಅವಳು ಅಂದದ್ದನ್ನು ನೀನು ಬರೆಯುತ್ತೀಯೆಂದೇ ನಾನು ಕಾಗದ ಒಡೆಯುವುದು.

ಇಲಾರಿಯೊ ಇನ್ನೊಂದು ಹೇಳಿದ. ಮೆಕ್ಕೆಜೋಳದ ಮೂಟೆ ಇಳಿಸಲು ಮಧ್ಯಾಹ್ನ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳಂತೆ, ಬಾಗಿಲು ಹಾಕಿತ್ತಂತೆ. ಇವನು ಎಂದಿನಂತೆ ನಮ್ಮ ಕಿಚೆ ಮಾತಿನಲ್ಲಿ ಜೋರಾಗಿ ನಮಸ್ಕಾರ ಹೇಳಿದರೆ ನೀನು ಬಂದು ತುಟಿಯ ಮೇಲೆ ಬೆರಳಿಟ್ಟೆಯಂತೆ. ಏನಿದು?

ತೊಮಾಸಾ


ಕ್ವೆತ್ಸಾಲ್ತೆನಾಂಗೊ
೨೩ ಫೆಬ್ರುವರಿ ೧೯೯೮

ತೊಮಾಸಾ,

ಇಲಾರಿಯೊನಿಗೆ ಸ್ಟೇರಿಂಗಿಗಿಂತ ಚಾಡಿಯಲ್ಲೇ ಕೈ ಪಳಗಿದೆ. ಕೇಳಿದ್ದೀಯಲ್ಲ, ಅದಕ್ಕೇ ಹೇಳುತ್ತೇನೆ, ಮುಚ್ಚಿಡುವಂಥದ್ದೇನೂ ಇಲ್ಲ.

ಮೊದಲ ವಾರವೇ ದೋನ್ಯಾ ಇಮೆಲ್ದಾ ಊಟದ ಹೊತ್ತಿಗೆ ಹೇಳದೆ ಕೇಳದೆ ಬಂದಳು. ಅಮ್ಮ ನಮ್ಮ ಮಾತಿನಲ್ಲಿ ಪಕ್ಕದ ಮನೆಯ ಕೋಳಿ ನಮ್ಮ ಬಟ್ಟೆ ಬುಟ್ಟಿಯಲ್ಲಿ ಮೊಟ್ಟೆಯಿಟ್ಟ ಕಥೆ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಯಾನೆಕೆ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತ ಕೂತಿದ್ದಳು. ಇಮೆಲ್ದಾ ನನ್ನನ್ನು ಅಂಗಳಕ್ಕೆ ಕರೆದು ಹೇಳಿದಳು: "ನೋಡು ಇಸಿದ್ರಾ, ಆ ಹುಡುಗಿ ಸಮುದ್ರ ದಾಟಿ ಬಂದಿರೋದು ಸ್ಪ್ಯಾನಿಷ್ ಕಲಿಯೋಕೆ. ಮೇಜಿನ ಹತ್ರ ಬೇರೆ ಮಾತು ಬಿದ್ರೆ ಕಿವಿ ಕೆಡುತ್ತೆ. ನಿಮ್ಮದನ್ನ ಅಡುಗೆಮನೇಲಿ ಇಟ್ಕೊಳ್ಳಿ. ಆಗಲ್ಲ ಅಂದ್ರೆ ಹೇಳು, ಎದುರು ಮನೆಯವರು ಕಾಯ್ತಿದ್ದಾರೆ."

ನಾನು ಅಮ್ಮನಿಗೆ ಮೆತ್ತಗೆಯೇ ಹೇಳಿದೆ. ಅವಳು ತನ್ನ ತಟ್ಟೆ ತೆಗೆದುಕೊಂಡು ತಾನೇ ಎದ್ದು ಹೋದಳು. ನಾನು ಎಬ್ಬಿಸಿಲ್ಲ. ಒಲೆಯ ಕಾವು ಅವಳಿಗೂ ಇಷ್ಟ.

ರಾಜಧಾನಿಯಲ್ಲಿ ಕೂತು ನ್ಯಾಯ ಹೇಳುವುದು ಸುಲಭ. ಅವಳ ಮಂಡಿಗೆ ಎಣ್ಣೆ ತಿಕ್ಕುವವಳು ನಾನು, ನೀನಲ್ಲ.

ಇಸಿದ್ರಾ


ಗ್ವಾಟೆಮಾಲಾ ನಗರ
೨ ಮಾರ್ಚ್ ೧೯೯೮

ಇಸಿದ್ರಾ,

ಈ ನೀರಿಗೆ ತಳ್ಳುವ ವಿದ್ಯೆ ನನಗೆ ಗೊತ್ತು. ನಿನ್ನನ್ನು ಸಿಸ್ಟರುಗಳ ಶಾಲೆಗೆ ಹಾಕಿದರು, ನನ್ನನ್ನು ಹನ್ನೆರಡು ವರ್ಷಕ್ಕೇ ಇಲ್ಲಿ ಮನೆಗೆಲಸಕ್ಕೆ ಬಿಟ್ಟುಹೋದರು. ಆ ಮೊದಲ ಮನೆಯ ಸೆನ್ಯೋರಾ ನನ್ನ ಬಾಯಿಂದ ನಮ್ಮ ಮಾತು ಬಂದಾಗಲೆಲ್ಲ ನಾಲಿಗೆಯ ಮೇಲೆ ಒಂದು ಚಮಚ ಉಪ್ಪು ಸುರಿದು ಬಾಯಿ ಮುಚ್ಚಿಸುತ್ತಿದ್ದಳು. ಕನಸಿನಲ್ಲಿ ಕನವರಿಸಿದ್ದಕ್ಕೂ ಬೆಳಿಗ್ಗೆ ಉಪ್ಪು. "ನಿನ್ನ ಒಳ್ಳೇದಕ್ಕೇ ಕಣೇ, ಮುಂದೆ ನನ್ನ ನೆನೆಸ್ಕೊತೀಯ" ಎನ್ನುತ್ತಿದ್ದಳು. ನೆನೆಸಿಕೊಳ್ಳುತ್ತಲೇ ಇದ್ದೇನೆ.

ವರ್ಷ ತುಂಬುವುದರೊಳಗೆ ಚೆನ್ನಾಗಿ ಕಲಿತೆ. ನಿಮ್ಮ ಯಾನೆಕೆಗೆ ಕೊನೆಯ ದಿನ ಸರ್ಟಿಫಿಕೇಟ್ ಕೊಟ್ಟು ಮರಿಂಬಾ ವಾದ್ಯ ಬಾರಿಸುತ್ತಾರಲ್ಲವೇ? ನನಗೆ ಯಾರೂ ಬಾರಿಸಲಿಲ್ಲ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ತನ್ನಿಷ್ಟದಿಂದ ಬಂದಿದ್ದಾಳೆ, ಬೇಸರವಾದಾಗ ವಿಮಾನ ಹತ್ತುತ್ತಾಳೆ. ಅವಳು ಮುಳುಗಿ ಕಲಿಯಲಿ. ಅವಳು ಮುಳುಗುವುದಕ್ಕೆ ಅಮ್ಮನನ್ನೇಕೆ ಮುಳುಗಿಸುತ್ತೀ? ಆ ಮನೆ ಕಟ್ಟಿದವಳು ಅವಳು. ನೇಯ್ದ ಬಟ್ಟೆ ಮಾರಿ ಆ ಮೇಜು ಕೊಂಡವಳೂ ಅವಳೇ.

ಇನ್ನೊಂದು ಕೇಳುತ್ತೇನೆ, ತಪ್ಪಿಸಿಕೊಳ್ಳದೆ ಉತ್ತರ ಬರೆ. ದಿನವೂ ರೊಟ್ಟಿ ತಟ್ಟಿಕೊಡುವ ಮುದುಕಿ ಯಾಕೆ ಮಾತಾಡುವುದಿಲ್ಲ ಎಂದು ಆ ಹುಡುಗಿ ಕೇಳೇ ಕೇಳಿರುತ್ತಾಳೆ. ನೀನು ಏನು ಹೇಳಿದೆ?

ತೊಮಾಸಾ


ಕ್ವೆತ್ಸಾಲ್ತೆನಾಂಗೊ
೨೨ ಮಾರ್ಚ್ ೧೯೯೮

ತೊಮಾಸಾ,

ಕೆಲಸ ಜಾಸ್ತಿ, ಚಿಕ್ಕದಾಗಿ ಬರೆಯುತ್ತೇನೆ. ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಪಾಚಿ ಕಟ್ಟಿತ್ತು, ಅಮ್ಮ ಜಾರಿದಳು. ಕೈಗೆ ಸ್ವಲ್ಪ ಪೆಟ್ಟಾಗಿದೆ. ಪಟ್ಟಿ ಕಟ್ಟಿದ್ದಾರೆ. ಊಟ ಮಾಡುತ್ತಾಳೆ, ಮಲಗುತ್ತಾಳೆ. ನೀನು ಬರುವ ಅಗತ್ಯವಿಲ್ಲ. ಯಾನೆಕೆಯ ಸ್ಪ್ಯಾನಿಷ್ ಬಹಳ ಸುಧಾರಿಸಿದೆ ಎಂದು ಶಾಲೆಯವರು ಮೆಚ್ಚಿಕೊಂಡರು.

ಇಸಿದ್ರಾ


ಗ್ವಾಟೆಮಾಲಾ ನಗರ
೧ ಏಪ್ರಿಲ್ ೧೯೯೮

ಇಸಿದ್ರಾ,

ಸ್ವಲ್ಪ ಪೆಟ್ಟು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದು, ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಅದಕ್ಕೆ ನಿನ್ನ ಊರಿನಲ್ಲಿ ಸ್ವಲ್ಪ ಪೆಟ್ಟು ಎನ್ನುತ್ತಾರೆಯೇ? ಅಮ್ಮ ಬಿದ್ದದ್ದು ಮಧ್ಯಾಹ್ನವಂತೆ, ನೀನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಮಾರನೆಯ ದಿನವಂತೆ. ನಡುವಿನ ರಾತ್ರಿ ಎಲ್ಲಿಗೆ ಹೋಯಿತು? ಆ ಹೊತ್ತೆಲ್ಲ ಒಬ್ಬಳು ಸೂಲಗಿತ್ತಿ ನಿನ್ನ ಮನೆಯಲ್ಲೇ ಇದ್ದಳಲ್ಲ.

ಇಲಾರಿಯೊ ಪ್ಲಾಸ್ಟರ್ ಕೈ ನೋಡಿಕೊಂಡು ಹೊರಡುವಾಗ ಯಾನೆಕೆ ಎದುರಾದಳಂತೆ. "ಪಾಪ, ಅಜ್ಜಿಗೆ ಕಿವಿಯೂ ಕೇಳಲ್ಲ, ಎಷ್ಟು ಕಷ್ಟ ಅಲ್ವಾ" ಎಂದಳಂತೆ. ಅವನು ಬಸ್ಸಿನ ಗದ್ದಲದಲ್ಲಿ ಇದನ್ನು ನನಗೆ ಹೇಳುವಾಗ ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದು ತಲೆ ಕೆರೆದುಕೊಂಡ. ನನಗೆ ಅನುಮಾನವೇ ಬರಲಿಲ್ಲ. ನಾನು ಕೇಳಿದ್ದ ಪ್ರಶ್ನೆಗೆ ಇದೇ ನಿನ್ನ ಉತ್ತರ.

ಮೂರು ಅಂಗಳದಾಚೆ ಅಡುಗೆ ತಳ ಹಿಡಿಯುವ ಸದ್ದನ್ನೂ ಕೂತಲ್ಲಿಂದಲೇ ಕೇಳಿಸಿಕೊಂಡು ಕೂಗುವ ಹೆಂಗಸನ್ನು ಕಿವುಡಿ ಮಾಡಿದೆಯಾ? ಆ ನಾಲಿಗೆಯ ಮೇಲೆ ಚರ್ಚಿನ ಕಮ್ಯುನಿಯನ್ ಪ್ರಸಾದ ಹೇಗೆ ತೆಗೆದುಕೊಳ್ಳುತ್ತೀ? ಸಾಯುವವರೆಗೂ ನಾನು ನಿನ್ನ ಮೇಜಿನಲ್ಲಿ ಉಣ್ಣುವುದಿಲ್ಲ.

ತೊಮಾಸಾ


ಕ್ವೆತ್ಸಾಲ್ತೆನಾಂಗೊ
೧೩ ಏಪ್ರಿಲ್ ೧೯೯೮

ತೊಮಾಸಾ,

ನಿನ್ನೆ ಈಸ್ಟರ್. ಹಬ್ಬ ಕಳೆಯಲೆಂದು ಕಾದೆ, ಸಿಟ್ಟು ಇಳಿದೀತೆಂದು. ಇಳಿಯಲಿಲ್ಲ. ಇಲಾರಿಯೊನ ಬಾಯಿಂದ ಅರ್ಧರ್ಧ ಕೇಳುವುದು ಬೇಡ, ಪೂರ್ತಿ ನಾನೇ ಹೇಳುತ್ತೇನೆ.

ಹೌದು, ಕಿವಿ ಕೇಳುವುದಿಲ್ಲ ಎಂದು ನಾನೇ ಹೇಳಿದೆ. ಯಾನೆಕೆ ದಿನವೂ ಕೇಳುತ್ತಿದ್ದಳು: ಅಜ್ಜಿಗೆ ನನ್ನ ಮೇಲೆ ಕೋಪವೇ, ಯಾಕೆ ಮಾತಾಡುವುದಿಲ್ಲ. ಒಂದು ದಿನ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಸುಳ್ಳು ಹೇಳುವುದಕ್ಕೂ ಒಂದೇ ಮಾತು ಸಾಕಾಗುತ್ತದೆ.

ಅವತ್ತು ನಾನು ಮಾರುಕಟ್ಟೆಗೆ ಹೋಗಿದ್ದೆ. ಯಾನೆಕೆ ಅಂಗಳದ ಬಿಸಿಲಿಗೆ ಕೂತು ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದಳು. ಅಮ್ಮ ಬಿದ್ದ ಸದ್ದಿಗೆ ಓಡಿ ಹೋಗಿ ಎಬ್ಬಿಸಿದಳು. ಕಿವುಡಿ ಎಂದು ನಂಬಿದ್ದಳಲ್ಲ, ಕಿವಿಗೆ ಬಾಯಿಟ್ಟು ಕೂಗಿ ಕೇಳಿದಳು, ಚೆನ್ನಾಗಿದ್ದೀರಾ ಎಂದು. ಅಮ್ಮನಿಗೆ ಬರುವುದು ನಾಲ್ಕೈದು ಪದ. ಮುರಿದ ಕೈಯನ್ನು ಶಾಲಿನೊಳಗೆ ಎಳೆದುಕೊಂಡು "ಬ್ಯೆನ್" ಎಂದಳು. ಚೆನ್ನಾಗಿದ್ದೇನೆ ಎಂದು. ಅಜ್ಜಿ ಮೊದಲ ಸಲ ಉತ್ತರ ಕೊಟ್ಟಳೆಂದು ಯಾನೆಕೆಗೆ ಸಂತೋಷವೇ ಆಯಿತಂತೆ. ಉಚ್ಚಾರ ಚೆನ್ನಾಗಿದೆ ಎಂದು ಬೆನ್ನು ತಟ್ಟಿ, ಮತ್ತೆ ಪಾಠಕ್ಕೆ ಕೂತಳು.

ಸಂಜೆ ರೊಟ್ಟಿ ಒಂದೂ ದುಂಡಗಿರಲಿಲ್ಲ. ಮೇಜಿನಲ್ಲಿ ಅತಿಥಿ ಇದ್ದಳು. ನಾನು ಅಡುಗೆಮನೆಗೆ ಹೋಗಿ, ಇದೇನು ರೊಟ್ಟಿ ಎಂದು ಪಿಸುಗುಟ್ಟುತ್ತಲೇ ಗದರಿದೆ. ಅಮ್ಮ ಎಡಗೈಯೊಂದರಲ್ಲೇ ಇನ್ನೊಂದು ತಟ್ಟಲು ನೋಡಿದಳು. ನಾನು ಕಂಡರೂ ಯಾಕೆಂದು ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ ಕೈ ಕುಂಬಳಕಾಯಿಯ ಹಾಗೆ ಊದಿತ್ತು. ಯಾಕಮ್ಮ ಹೇಳಲಿಲ್ಲ ಎಂದೆ.

"ಹುಡುಗಿ ಊಟ ಮಾಡ್ತಿದ್ದಳಲ್ಲ" ಅಂದಳು.

ಇದು ನನ್ನ ಪಾಲಿನದು. ಹೊತ್ತುಕೊಳ್ಳುತ್ತೇನೆ. ಇನ್ನು ನಿನ್ನ ಪಾಲಿನದು ಕೇಳು.

ಕಳೆದ ನವೆಂಬರಿನ ಸತ್ತವರ ಹಬ್ಬಕ್ಕೆ ನೀನು ಮಗಳನ್ನು ಕರೆದುಕೊಂಡು ಬಂದಿದ್ದೆ. ಅಪ್ಪನ ಗೋರಿಯ ಹತ್ತಿರ ಅಮ್ಮ ಬ್ರೆಂಡಾಳ ಎರಡೂ ಕೆನ್ನೆ ಹಿಡಿದುಕೊಂಡು ಏನೇನೋ ಹೇಳುತ್ತಿದ್ದಳು. ಆ ಮಗು ನನ್ನ ಶಾಲು ಎಳೆದು ಕಿವಿಯಲ್ಲಿ ಕೇಳಿತು: "ದೊಡ್ಡಮ್ಮ, ಅಜ್ಜಿ ಬೈತಿದ್ದಾಳಾ, ಮುದ್ದು ಮಾಡ್ತಿದ್ದಾಳಾ?"

ಒಂಬತ್ತು ವರ್ಷದ ಮಗುವಿಗೆ ಅಷ್ಟೂ ತಿಳಿಯದ ಹಾಗೆ ಬೆಳೆಸಿದ್ದೀಯಲ್ಲ, ನಿನ್ನ ಮನೆಗೆ ಯಾವ ಇಮೆಲ್ದಾ ಬಂದು ಹೆದರಿಸಿದ್ದಳು? ನಾನು ಅಮ್ಮನನ್ನು ಅಡುಗೆಮನೆಯಲ್ಲಿ ಕೂರಿಸಿದೆ. ನೀನು ಅವಳ ಮಾತನ್ನು ನಿನ್ನ ಮನೆಯ ಹೊಸ್ತಿಲು ತುಳಿಯಲೂ ಬಿಡಲಿಲ್ಲ.

ಇಸಿದ್ರಾ


ಕ್ವೆತ್ಸಾಲ್ತೆನಾಂಗೊ
೧೪ ಜೂನ್ ೧೯೯೮

ತೊಮಾಸಾ,

ನೀನು ಉತ್ತರ ಬರೆದಿಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ಇಲಾರಿಯೊನನ್ನು ಕೇಳಿದರೆ ಕಾಗದ ಏನೂ ಕೊಟ್ಟಿಲ್ಲ ಎಂದು ಕನ್ನಡಿ ಒರೆಸುತ್ತ ನಿಲ್ಲುತ್ತಾನೆ. ಆದರೂ ಬರೆಯುತ್ತಿದ್ದೇನೆ. ಇದು ಅಮ್ಮನ ವಿಷಯ.

ಯಾನೆಕೆ ಈಸ್ಟರ್ ಕಳೆದು ಗುಡ್ಡದ ಕ್ಲಿನಿಕ್ಕಿಗೆ ಹೋದಳು. ಎಂಟು ದಿನದ ಹಿಂದಿನ ಶನಿವಾರ ಪಿಕಪ್ಪಿನಲ್ಲಿ ಬಂದಿಳಿದಳು. ಬೂಟಿನ ತುಂಬ ಕೆಸರು. ಒಳಗೆ ಬಂದು ಚೀಲ ಕೂಡ ಇಳಿಸಲಿಲ್ಲ.

"ಇಸಿದ್ರಾ, ಆ ಗುಡ್ಡದ ಹೆಂಗಸರಿಗೆ ಸ್ಪ್ಯಾನಿಷ್ ಬರಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಆಮೇಲೆ ಹೇಳಿದಳು. ಗುಡ್ಡದ ಮೇಲಿನ ಎಳೆಯ ಹೆಂಗಸೊಬ್ಬಳನ್ನು ಹೆರಿಗೆಗೆ ಹೊತ್ತು ತಂದಿದ್ದರಂತೆ. ಮಾತು ತಿಳಿಸಿ ಹೇಳುವ ಸಹಾಯಕಿ ಅವತ್ತು ಊರಲ್ಲಿರಲಿಲ್ಲ. ಇವಳು ಕೇಳಿದ್ದಕ್ಕೆಲ್ಲ ಆ ಹೆಂಗಸು ಹೌದು, ಹೌದು ಎಂದಳಂತೆ. ಅತ್ತೆ ಮಾತ್ರ ಇವಳ ಅಂಗಿ ಹಿಡಿದೆಳೆದು ಒಂದೇ ಸಮನೆ ಏನೋ ಹೇಳುತ್ತಿದ್ದಳು. ಗಾಬರಿಯಾಗಿದ್ದಾಳೆಂದು ಇವಳು ಹೊರಗೆ ಕಳಿಸಿದಳು. ನೀರೊಡೆದು ಆಗಲೇ ಎರಡು ದಿನವಾಗಿದೆ, ಮಗು ಅಡ್ಡ ಕೂತಿದೆ ಎಂದು ಅತ್ತೆ ಹೇಳುತ್ತಿದ್ದದ್ದು ಸಹಾಯಕಿ ಬಂದ ಮೇಲೆ ತಿಳಿಯಿತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

"ಅಲ್ಲೆಲ್ಲ ಸ್ಪ್ಯಾನಿಷ್ ಸಾಕು ಅಂತ ಇಮೆಲ್ದಾ ಹೇಳಿದ್ಲು. ಅವಳು ವ್ಯಾಪಾರ ಮಾಡೋಳು, ಬಿಡು. ನೀನು? ನಂಗೆ ಬೇಕಾಗಿದ್ದ ಭಾಷೆ ಈ ಮನೇಲೇ ಇತ್ತು. ನೀನೇ ಬಾಗಿಲು ಹಾಕಿ ಇಟ್ಟಿದ್ದೆ. ಅದಕ್ಕೆ ಕಿವುಡು ಅಂತ ಹೆಸರಿಟ್ಟಿದ್ದೆ."

ಸಿಟ್ಟಿನಲ್ಲಿ ಅವಳ ಸ್ಪ್ಯಾನಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ. ನಾನೂ ಸುಮ್ಮನಿರಲಿಲ್ಲ. ಇಷ್ಟು ಕಾಲ ಅಮ್ಮನ ಕೈಯಿಂದ ಉಂಡೆಯಲ್ಲ, ಆ ಬಾಗಿಲು ಒಂದು ದಿನ ತಳ್ಳಿ ನೋಡಿದೆಯಾ, ಹೆರಿಗೆ ಮಾಡಿಸುವವಳಿಗೆ ಮುರಿದ ಕೈ ಕಾಣಲಿಲ್ಲವಾ, ಕೈ ತೋರಿಸಲು ಮತ್ತೆ ಆಸ್ಪತ್ರೆಗೆ ಹೋದಾಗ ಅವಳೂ ನಾನೂ ಮಾತಾಡಿದ್ದು ಕೇಳಿದ ಮೇಲಾದರೂ ಒಂದು ಪದ ಏನೆಂದು ಕೇಳಿದೆಯಾ ಎಂದು ನಾನು ಕೂಗಿದೆ. ಅವಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆನೋ ಏನೋ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಈ ಹುಡುಗಿಗೆ ಏನಾಯಿತು ಎಂದಳು. ನಾನು ಎಲ್ಲವನ್ನೂ ನಮ್ಮ ಮಾತಿನಲ್ಲಿ, ಅತಿಥಿಯ ಎದುರಿಗೇ, ಗಂಟಲೆತ್ತಿ ಹೇಳಿದೆ. ಮಗು ಅಡ್ಡ ಕೂತಿತ್ತು ಎಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಯಾನೆಕೆಯ ಕಡೆ ಗದ್ದ ಎತ್ತಿ ನನಗೆ ಹೇಳಿದಳು: "ಒಳಗೆ ಬಂದು ಕೂತ್ಕೊಳ್ಳೋಕೆ ಹೇಳು. ನೋವು ಎಲ್ಲಿ, ಯಾವಾಗಿಂದ, ನೀರು ಹೋಯ್ತಾ, ಇಷ್ಟಾದ್ರೂ ಕೇಳೋಕೆ ಕಲೀಲಿ. ಆದ್ರೆ ನನ್ನ ಕಿವಿಗೆ ಕೂಗಬಾರದು."

ಯಾನೆಕೆ ಒಲೆಯ ಪಕ್ಕದ ಮಣೆಯ ಮೇಲೆ ಮಂಡಿ ಮಡಚಿ ಕೂತಳು. ಅಮ್ಮ ಮುದ್ದಿನಿಂದ ಕಲಿಸುವವಳಲ್ಲ, ನಿನಗೆ ಗೊತ್ತು. ಗಂಟಲೊಳಗಿನ ಅಕ್ಷರ ತಪ್ಪಿದಾಗಲೆಲ್ಲ ಸೌಟಿನಿಂದ ಒಲೆಯ ಕಲ್ಲಿಗೆ ಕುಟ್ಟುತ್ತಾಳೆ. ಇಡೀ ಸಂಜೆ ನೋವು ಎಲ್ಲಿ, ನೋವು ಎಲ್ಲಿ ಎಂಬ ಒಂದೇ ಮಾತು. ನಿನ್ನೆಯ ಶನಿವಾರವೂ ಬಂದಿದ್ದಳು. ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ.

ನಾನು ಅಮ್ಮನನ್ನು ಮೇಜಿಗೆ ಕರೆದೆ. "ಎದ್ದು ಬಂದ ಜಾಗಕ್ಕೆ ನಾನು ವಾಪಸು ಹೋಗಲ್ಲ. ಬೇಕಾದವರು ಇಲ್ಲಿಗೆ ಬರಲಿ" ಅಂದಳು. ಈಗ ನಾನೂ ಅಡುಗೆಮನೆಯಲ್ಲೇ ಉಣ್ಣುತ್ತೇನೆ. ಮೇಜಿನ ಮೇಲೆ ಉಣ್ಣೆಯ ಗಂಟು ಬಿದ್ದಿದೆ.

ಸುದ್ದಿ ತಿಳಿದು ದೋನ್ಯಾ ಇಮೆಲ್ದಾ ಬಂದಳು. ಆಗಸ್ಟಿಗೆ ಇಬ್ಬರು ಕೆನಡಾದವರಿದ್ದಾರೆ, ಹಳೆಯದನ್ನು ಮರೆತು ಮೊದಲಿನ ಹಾಗೆ ನಡೆಸಿಕೊಂಡು ಹೋಗೋಣ ಎಂದಳು. ಅಮ್ಮ ಒಲೆಯ ಮುಂದಿನಿಂದಲೇ ಮಾತು ಶುರು ಮಾಡಿದಳು. ಇಮೆಲ್ದಾಳ ಅಜ್ಜಿ ಸಂತೆಯಲ್ಲಿ ನಮ್ಮ ಅಜ್ಜಿಯ ಪಕ್ಕದಲ್ಲೇ ಇದೇ ಕಿಚೆ ಮಾತಾಡುತ್ತ ಸೊಪ್ಪು ಮಾರುತ್ತಿದ್ದುದರಿಂದ ಹಿಡಿದು, ಒಂದನ್ನೂ ಬಿಡಲಿಲ್ಲ. ಇಮೆಲ್ದಾ ಕಾದು ಕಾದು ಕೇಳಿದಳು, "ಏನಂತಾರೆ?"

"ಕಾಫಿ ಮುಗಿದಿದೆ ಅಂತಾರೆ."

"ಅಷ್ಟುದ್ದಕ್ಕೆ ಇಷ್ಟೇನಾ?"

"ನಿಮ್ಮ ಕಿವಿ ಕೆಡಬಾರದಲ್ಲ, ಅದಕ್ಕೇ ಚಿಕ್ಕದು ಮಾಡಿದೆ" ಎಂದೆ.

ಶಾಲೆಯವರು ನಮ್ಮ ಮನೆಯನ್ನು ಕೈಬಿಟ್ಟರು. ಎದುರು ಮನೆಯ ಕ್ಲೋತಿಲ್ದೆ ಈಗ ಸುಣ್ಣ ಬಳಿಸುತ್ತಿದ್ದಾಳೆ. ಮಗ್ಗಕ್ಕೆ ಮತ್ತೆ ನೂಲು ಹಾಕಿದ್ದೇನೆ, ರುಫಿನೊನಷ್ಟು ಚೆನ್ನಾಗಿ ನನಗೆ ಬರುವುದಿಲ್ಲ.

ನಿನ್ನಲ್ಲಿ ನಾನು ಕ್ಷಮೆ ಕೇಳುವುದಿಲ್ಲ. ಕೇಳಬೇಕಾದವಳನ್ನು ಕೇಳಿದ್ದೇನೆ. ಅಮ್ಮ ಇನ್ನೂ ಉತ್ತರ ಕೊಟ್ಟಿಲ್ಲ.

ಇಸಿದ್ರಾ


ಗ್ವಾಟೆಮಾಲಾ ನಗರ
೨೨ ಜೂನ್ ೧೯೯೮

ಇಸಿದ್ರಾ,

ಬ್ರೆಂಡಾಳ ವಿಷಯ ಬರೆದಿದ್ದ ಕಾಗದವನ್ನು ಒಲೆಗೆ ಹಾಕಿದೆ. ಅದು ಸುಟ್ಟದ್ದು ನನ್ನನ್ನೇ. ನೀನು ಸುಳ್ಳು ಬರೆದಿದ್ದರೆ ಮಾರನೆಯ ದಿನವೇ ಉತ್ತರ ಬರೆಯುತ್ತಿದ್ದೆ.

ಅವಳು ಹುಟ್ಟಿದಾಗ ನಾನೇ ನಿಶ್ಚಯಿಸಿದ್ದೆ, ಇವಳ ಬಾಯಿಂದ ಆ ಮಾತು ಬರುವುದೇ ಬೇಡ, ಆಗ ಯಾರೂ ಇವಳನ್ನು ಮುಟ್ಟಲಾರರು ಎಂದು. ಯಾರೂ ಬಂದು ಹೆದರಿಸಲಿಲ್ಲ, ನಿಜ. ಹೆದರಿಕೆ ನನ್ನೊಳಗೇ ಇತ್ತು. ಹೋದ ತಿಂಗಳು ರಾತ್ರಿಯೂಟಕ್ಕೆ ಕೂತಾಗ ನಮ್ಮ ಮಾತಿನಲ್ಲಿ ನಾಲ್ಕು ಪದ ಹೇಳಿಕೊಡಲು ಹೋದೆ. "ಬೇಡಮ್ಮ, ಶಾಲೇಲಿ ನಗ್ತಾರೆ" ಎಂದಳು. ಕೆನ್ನೆಗೆ ಹೊಡೆದೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಕೂತಿದ್ದೆ. ಹೊಡೆದು ಭಾಷೆ ಕಲಿಸುವುದು ನನಗೆ ಎಲ್ಲಿಂದ ಬಂತೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ವಾರ ಮಧ್ಯವರ್ಷದ ರಜೆ. ಸೆನ್ಯೋರಾಳಿಗೆ ಹೇಳಿಯಾಗಿದೆ, ಮುಖ ಊದಿಸಿಕೊಂಡಿದ್ದಾಳೆ. ಶನಿವಾರ ಇಲಾರಿಯೊನ ಬಸ್ಸಿನಲ್ಲಿ ಬ್ರೆಂಡಾಳನ್ನು ಕರೆದುಕೊಂಡು ಬರುತ್ತೇನೆ. ಎರಡು ದಿನ ಇದ್ದು ನಾನು ಹೊರಡುತ್ತೇನೆ, ಅವಳು ರಜೆ ಮುಗಿಯುವವರೆಗೆ ಅಮ್ಮನ ಜೊತೆ ಇರಲಿ. ಅಮ್ಮ ಹೇಳಿದ್ದು ತಿಳಿಯದೆ ಅವಳು ನಿನ್ನ ಮುಖ ನೋಡುತ್ತಾಳೆ. ಆಗ ನೀನು ಸ್ಪ್ಯಾನಿಷಿನಲ್ಲಿ ತಿಳಿಸಿ ಹೇಳಲು ಬಾಯಿ ಬಿಡಬೇಡ.

ನಿನ್ನ ಮೇಲಿನ ಸಿಟ್ಟು ಕರಗಿದೆ ಎಂದುಕೊಳ್ಳಬೇಡ. ಈ ಐದು ತಿಂಗಳಿಂದ ನಾವಿಬ್ಬರೂ ಕಿತ್ತಾಡಿದ್ದು ಯಾವ ಭಾಷೆಯಲ್ಲಿ ಎಂದು ನಿನ್ನೆ ಹೊಳೆಯಿತು. ಅಮ್ಮನ ಮಾತಿಗೋಸ್ಕರ ಜಗಳ, ಜಗಳವೆಲ್ಲ ಸ್ಪ್ಯಾನಿಷಿನಲ್ಲಿ. ನಮ್ಮದನ್ನು ಬರೆಯಲು ನಮಗೆ ಯಾರೂ ಕಲಿಸಲೇ ಇಲ್ಲ. ಅದಕ್ಕೇ ಇರಬೇಕು, ಎಷ್ಟು ಬೈದರೂ ನನಗೆ ಬೈದ ಹಾಗೆ ಆಗಿಲ್ಲ. ನಿನಗೆ ಅನ್ನಬೇಕಾದ ಮಾತುಗಳಿಗೆ ಈ ಭಾಷೆಯಲ್ಲಿ ಪದಗಳೇ ಇಲ್ಲ.

ಶನಿವಾರ ಒಲೆಯ ಮುಂದೆ ಕೂತು, ಅಮ್ಮನಿಗೂ ಬ್ರೆಂಡಾಳಿಗೂ ಕೇಳುವ ಹಾಗೆ, ಉಳಿದದ್ದನ್ನೆಲ್ಲ ಬೈಯುತ್ತೇನೆ. ನೀನೂ ಸುಮ್ಮನಿರಬೇಡ. ಜೋರಾಗಿಯೇ ಉತ್ತರ ಕೊಡು.

ತೊಮಾಸಾ